ಕೌದಿಗೆ ಒತ್ತಿದ ಕೆನ್ನೆ

ವಿಮಾನ ನಿಲ್ದಾಣ ಕಟ್ಟುತ್ತಿದ್ದ ವರ್ಷಗಳಲ್ಲಿ, ದೇವನಹಳ್ಳಿಯ ನಮ್ಮ ನೆರೆಮನೆಯಾಕೆ, ಊರವರು ತಮ್ಮ ಕೌದಿಗಳಿಗೆಂದು ಚೂರುಬಟ್ಟೆ ಸೇರಿಸಿ ಹೊಲಿದು, ಮಿಕ್ಕವೆಂದು ಕೊಡುತ್ತಿದ್ದ ಚೌಕಗಳನ್ನು ಜೋಡಿಸಿ, ಕೂಲಿಕಾರರ ಶೆಡ್ಡಿನ ಮಕ್ಕಳಿಗೆ ಕೌದಿಯ ಮೇಲ್ಪದರಗಳನ್ನು ಸಿದ್ಧಪಡಿಸುತ್ತಿದ್ದರು. ಜೋಡಿಸುವ ಮೊದಲು ಪ್ರತಿ ಚೌಕವನ್ನೂ ಕೆನ್ನೆಗೆ ಒತ್ತಿ ಉಜ್ಜಿಕೊಳ್ಳುತ್ತಿದ್ದರು.

“ಕೈ ಒರಟು, ಮೇಷ್ಟ್ರೇ. ಕೆನ್ನೆಗೇ ಗೊತ್ತಾಗೋದು,” ಎಂಬುದು ಅವರ ನಿತ್ಯದ ಮಾತು.

“ಪೌಡರ್ ಹಚ್ಕೊಂಡಿದ್ದಾಯ್ತೇನಕ್ಕಾ?” ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ, ನಮ್ಮೆದುರಿಗೇ, ಹೂವಿನ ಚೌಕವೊಂದನ್ನು ಉಜ್ಜಿದೊಡನೆ ಅವರ ಕೆನ್ನೆ ಸೀಳಿ ರಕ್ತ ಇಳಿಯಿತು. ಹೊಲಿಗೆಯೊಳಗೆ ಮುರಿದ ಸೂಜಿಯ ತುದಿಯಿತ್ತು. ನನ್ನ ಹೆಂಡತಿ ಚೀರಿದಳು.

“ಕಿರುಚ್ಬೇಡ ಕಣಮ್ಮಾ. ಇದ್ರ ಮೇಲೆ ಎಳೇ ಮಗು ಮಲಗ್ತಿತ್ತಲ್ಲಾ!” ಎನ್ನುತ್ತ ಸೂಜಿಯನ್ನು ಕಿತ್ತರು.

ಸೆರಗನ್ನು ಗಾಯಕ್ಕೆ ಅದುಮಿ ಹಿಡಿದು, ಮುಂದಿನ ಚೌಕವನ್ನು ಇನ್ನೊಂದು ಕೆನ್ನೆಗೆ ಒತ್ತಿದರು.