ಹುಣ್ಣಿನ ಮೇಲೆ ಒತ್ತಿದ ಭಂಡಾರ

ನಮ್ಮ ಮನೆಯವರ ನಾಲಗೆಯ ಎಡಬದಿಗೆ ಹುಣ್ಣಾಗಿ ಮೂರು ತಿಂಗಳಾದರೂ ಮಾಯಲಿಲ್ಲ. ತಂಬಾಕು ಬಿಡಿ ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು. ಕುಲಗೋಡದಿಂದ ಗೋಕಾಕಕ್ಕೆ, ಅಲ್ಲಿಂದ ಬೆಳಗಾವಿಗೆ ಬಸ್ಸು ಹತ್ತಿ ಇಳಿದು ಮೊಣಕಾಲು ಬಾತಿದ್ದವು. ಕೊನೆಗೆ ಡಾಕ್ಟರು ಕ್ಯಾನ್ಸರ್ ಎಂದರು.

"ನಾಲಗಿ ಎಷ್ಟು ಕೊಯ್ತೀರಿ ಸಾಹೇಬ್ರ?" ಎಂದು ಕೇಳಿದೆ.

"ರೋಗ ಎಲ್ಲಿತನಕ ಐತಿ ಅಲ್ಲಿತನಕ. ಸುತ್ತಲಿಂದು ಛಲೋದೂ ಸ್ವಲ್ಪ ತಗೀಬೇಕು. ಚೂರು ಉಳದ್ರ ಮತ್ತ ಬೆಳೀತೈತಿ."

ನಾವು ಕುರಿ ಕಾಯುವವರು. ಇವರು ನಾಲಗೆಯನ್ನು ಅಂಗುಳಕ್ಕೆ ಬಡಿದು ಲೊಟಕೆ ಹೊಡೆದು ಕರೆದರೆ ಹಿಂಡೆಲ್ಲ ತಿರುಗಿ ಬರುತ್ತಿತ್ತು. ಜೀವ ಉಳಿದು ಆ ಕರೆ ಹೋದರೆ ಈ ಮನುಷ್ಯ ಏನು ಮಾಡಿಯಾನು ಎಂಬುದೇ ಚಿಂತೆ.

ಆಪರೇಷನ್ನಿನ ದಿನ ಮುಂಜಾನೆ ಡಾಕ್ಟರು ನೀಲಿ ಔಷಧದಿಂದ ಬಾಯಿ ಮುಕ್ಕಳಿಸಲು ಹೇಳಿದರು. ರೋಗ ಇರುವಲ್ಲಿ ನೀಲಿ ಹಿಡಿದುಕೊಳ್ಳುತ್ತದೆ, ಉಳಿದಲ್ಲಿ ತೊಳೆದು ಹೋಗುತ್ತದಂತೆ. ಆ ಅಂಚು ನೋಡಿ ಎಲ್ಲಿ ಕೊಯ್ಯಬೇಕೆಂದು ಗೊತ್ತುಮಾಡಿಕೊಂಡರು.

ಸ್ಟ್ರೆಚರ್ ಬಂತು. ನನಗೆ ತಡೆಯಲಾಗಲಿಲ್ಲ. ನಮ್ಮಲ್ಲಿ ದೂರ ಹೊರಟವರ ಹಣೆಗೆ ಕುಲದೇವರು ಬೀರಪ್ಪನ ಭಂಡಾರ ಹಚ್ಚಿ, ಒಂದು ಚಿಟಿಕೆ ಬಾಯಿಗೂ ಹಾಕುವ ರೂಢಿ. ಸೆರಗಿನ ಗಂಟು ಬಿಚ್ಚಿ ಆ ಅರಿಸಿನದ ಪುಡಿಯನ್ನು ಹುಣ್ಣಿನ ಮೇಲೆಯೇ ಒತ್ತಿಬಿಟ್ಟೆ.

ನರ್ಸಬಾಯಿ ಚೀರಿದಳು. ಡಾಕ್ಟರು ಓಡಿ ಬಂದರು. "ಏನ್ ಮಾಡಿದ್ರಿ ಯವ್ವಾ? ನೀಲಿ ಎಲ್ಲಾ ಮುಚ್ಚಿ ಹೋತಲ್ಲ! ಬುದ್ಧಿ ಎಲ್ಲಿಟ್ಟೀರಿ?"

ಗೋಡೆ ಹಿಡಿದು ಕುಳಿತೆ. ಅಯ್ಯೋ ಬೀರಪ್ಪಾ, ಉಳಿಸು ಎಂದು ಬೇಡಿಕೊಂಡು ನಾನೇ ಕೊಂದೆನೇ! ಅಳಲೂ ತ್ರಾಣವಿರಲಿಲ್ಲ.

ಬಾಯಿ ತೊಳೆಸಿ, ಒಳಗೆ ಒಯ್ದು ಮತ್ತೆ ನೀಲಿ ಹಚ್ಚಿದರು. ಮಧ್ಯಾಹ್ನ ಡಾಕ್ಟರು ಹೊರಬಂದು ನನ್ನ ಬಾಜೂ ಬೆಂಚಿನ ಮೇಲೆ ಕುಳಿತರು. ಅವರೂ ದಣಿದಿದ್ದರು.

"ಎರಡನೇ ಸಲ ಹಚ್ಚಿದಾಗ ಹಿಂದ, ಬುಡದ ಕಡೆ, ಸಣ್ಣ ನೀಲಿ ಕಲೆ ಕಂಡ್ತು. ಮುಂಜಾನೆ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಚೂರು ತಗದು ಲ್ಯಾಬಿಗೆ ಕಳಿಸಿ ಕಾದ್ವಿ. ಅಲ್ಲೂ ರೋಗ ಇತ್ತು. ಅದನ್ನೂ ತಗದು, ಅಂಚು ಸ್ವಚ್ಛ ಐತಿ ಅಂತ ಬಂದ ಮ್ಯಾಲೇ ಹೊಲಿದ್ವಿ." ಆಮೇಲೆ ಸ್ವಲ್ಪ ನಕ್ಕು, "ಭಂಡಾರದಿಂದ ಉಳದ್ರು ಅಂತ ಊರತುಂಬ ಹೇಳ್ಕೋತ ಹೋಗಬ್ಯಾಡ್ರಿ ಮತ್ತ" ಎಂದರು.

ಬೇಡವೆಂದರೂ ಹೇಳುತ್ತಿದ್ದೇನೆ. ಆದರೆ ಭಕ್ತರೇ, ನನ್ನಂತೆ ಮಾಡಬೇಡಿ. ಭಂಡಾರ ಹಣೆಗೆ ಸಾಕು. ಡಾಕ್ಟರ ಕೈಗೂ ಶರಣು. ನನ್ನ ತಪ್ಪನ್ನೂ ಬೀರಪ್ಪ ಕೆಲಸಕ್ಕೆ ಹಚ್ಚಿದ ಎಂದು ಮಾತ್ರ ನಾನು ಸಾಯುವತನಕ ನಂಬುತ್ತೇನೆ.

ಊರಿಗೆ ಬಂದ ಎರಡನೇ ತಿಂಗಳು ಇವರು ಹಟ್ಟಿಯ ಮುಂದೆ ನಿಂತು ಕರೆಯಲು ನೋಡಿದರು. ಲೊಟಕೆ ಬರಲಿಲ್ಲ, ಬರೀ ಗಾಳಿ, ಒಂದು ಒಡಕು ದನಿ. ಕುರಿಗಳು ಮೇಯುತ್ತಲೇ ಇದ್ದವು. ಮತ್ತೆ ಕರೆದರು. ಮುದಿ ಕುರಿಯೊಂದು ತಲೆಯೆತ್ತಿ ಹೊರಟು ಬಂತು, ಅದರ ಹಿಂದೆ ಉಳಿದವೂ ಬಂದವು. ಆಸ್ಪತ್ರೆಯಲ್ಲಿ ಬಾರದ ಅಳು ನನಗೆ ಆಗ ಬಂತು.