ಅಕ್ಟೋಬರ್ ಹದಿನೈದರ ತಲೆ ಎಣಿಕೆ

ಅಲಬಾಮಾದ ಆ ದಂತವೈದ್ಯ ಕಾಲೇಜಿನಲ್ಲಿ ವೈವಿಧ್ಯ ಎಷ್ಟಿದೆ ಅಂತ ಯಾರು ಕೇಳಿದರೂ ಎಲ್ಲರೂ ಬೆರಳು ಮಾಡುತ್ತಿದ್ದದ್ದು ದಾಖಲೆ ವಿಭಾಗದ ಮೂರನೇ ಕಿಟಕಿಯ ಕಡೆಗೆ. ಅದರ ಹಿಂದೆ ವರ್ನೆಲ್ ಸ್ಟಾಲ್ವರ್ತ್ ಮೂವತ್ತೆಂಟು ವರ್ಷದಿಂದ ಕೂತಿದ್ದಳು. ಜ್ವರ ಬಂದವರಿಗಾದರೂ ಬೆಳಿಗ್ಗೆ ಸಂಜೆ ಎರಡು ಹೊತ್ತು ನೋಡುತ್ತಾರೆ. ವೈವಿಧ್ಯವನ್ನು ವರ್ಷಕ್ಕೊಂದೇ ಸಲ, ಅಕ್ಟೋಬರ್ ಹದಿನೈದಕ್ಕೆ, ಅಳೆದು ಮುಗಿಸುತ್ತಿದ್ದರು. ಆವತ್ತು ಪಟ್ಟಿಯಲ್ಲಿ ಹೆಸರಿದ್ದವರು ಲೆಕ್ಕಕ್ಕೆ, ದೀರ್ಘ ರಜೆಯ ಮೇಲಿದ್ದವರು ಲೆಕ್ಕಕ್ಕಿಲ್ಲ. ಹದಿನಾರಕ್ಕೆ ಗಂಟುಮೂಟೆ ಕಟ್ಟಿದರೂ ಕೇಳುವವರಿಲ್ಲ.

ಅಳೆಯುವ ರೀತಿಯೂ ಚೆನ್ನಾಗಿತ್ತು. ತರಗತಿಯಲ್ಲಿ ನೂರಕ್ಕೆ ಎಷ್ಟು ಜನ ಕಪ್ಪು ಮಕ್ಕಳು, ರಾಜ್ಯದಲ್ಲಿ ಅದೇ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು, ಅದನ್ನು ಇದರಿಂದ ಭಾಗಿಸು. ಒಂದು ಬಂದರೆ ಸಮಸಮ. ಇವರಿಗೆ ಒಂದು ಯಾವತ್ತೂ ಬಂದಿರಲಿಲ್ಲ, ಬರುವ ಆಸೆಯೂ ಇರಲಿಲ್ಲ. ಐದರಲ್ಲೊಂದು ಭಾಗ ದಾಟಿದರೆ ಸಾಕು, ರಾಜ್ಯದವರು ಹಿತ್ತಾಳೆಯ ಶೀಲ್ಡ್ ಕೊಡುತ್ತಿದ್ದರು. ಐದು ಬಿಸ್ಕತ್ತಿನ ಹಸಿವಿಗೆ ಒಂದು ಬಿಸ್ಕತ್ತು ಕೊಟ್ಟು ಅನ್ನದಾತ ಅನ್ನಿಸಿಕೊಳ್ಳುವ ಮಹಿಮೆ ಅದು! ಇದಕ್ಕೆಂದೇ ಕಾಲೇಜಿನಲ್ಲಿ ಒಂದು ವೈವಿಧ್ಯ ಸಮಿತಿ ಬೇರೆ. ಏಳು ಜನ ಸದಸ್ಯರು, ಏಳೂ ಜನ ಒಂದೇ ಗಾಲ್ಫ್ ಕ್ಲಬ್ಬಿನವರು.

ವರ್ನೆಲ್‌ಗೆ ಎಣಿಸುವುದು ಹೊಸದೇನಲ್ಲ. ಭಾನುವಾರ ಬಿಳಿ ಕೈಗವಸು ಹಾಕಿಕೊಂಡು ತಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಬಂದವರ ತಲೆ ಎಣಿಸುವ ಸೇವೆ ಆಕೆಯದೇ. ಆದರೆ ಅಲ್ಲಿ ಎಣಿಸುವುದು ಯಾರು ಬಂದಿಲ್ಲ ಅಂತ ತಿಳಿಯುವುದಕ್ಕೆ. ಬಾರದವರ ಹೆಸರು ಕಾಯಿಲೆಯವರ ಪಟ್ಟಿಗೆ ಹೋಗುತ್ತದೆ, ಪಾದ್ರಿ ಗಟ್ಟಿಯಾಗಿ ಓದುತ್ತಾರೆ, ಸೋಮವಾರದೊಳಗೆ ಯಾರಾದರೂ ಅವರ ಮನೆಗೆ ಸಿಹಿಗೆಣಸಿನ ಹೂರಣ ತುಂಬಿ ಬೇಯಿಸಿದ ಪೈ ಹಿಡಿದುಕೊಂಡು ಹೋಗುತ್ತಾರೆ. ಕಾಲೇಜಿನಲ್ಲಿ ಈ ಪದ್ಧತಿ ಇರಲಿಲ್ಲ. ಪೈ ಇರಲಿ, ಫೋನೂ ಮಾಡುತ್ತಿರಲಿಲ್ಲ.

ಆಕೆಯ ಮೇಜಿನ ಖಾನೆಯಲ್ಲಿ, ಮೊಹರಿನ ಶಾಯಿಡಬ್ಬಿಯ ಕೆಳಗೆ, ಹಳದಿಗಟ್ಟಿದ ಒಂದು ಕಾರ್ಡ್ ಇತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಹತ್ತೊಂಬತ್ತರ ಹುಡುಗಿ ವರ್ನೆಲ್ ಇದೇ ಕಾಲೇಜಿಗೆ ಹಲ್ಲು ಶುಚಿ ಮಾಡುವ ಕೋರ್ಸಿಗೆ ಅರ್ಜಿ ಹಾಕಿದ್ದಳು. 'ಸೀಟು ತುಂಬಿದೆ' ಅಂತ ಉತ್ತರ ಬಂತು. ಮಾರನೇ ವರ್ಷ ಗುಮಾಸ್ತೆಯ ಕೆಲಸಕ್ಕೆ ಕರೆದರು, ಸೇರಿದಳು. ಎಷ್ಟೋ ವರ್ಷದ ಮೇಲೆ ಹಳೇ ಬೀರು ಖಾಲಿ ಮಾಡುವಾಗ ತನ್ನದೇ ಅರ್ಜಿಯ ಕಾರ್ಡ್ ಸಿಕ್ಕಿತು. ಅಂಕಗಳೆಲ್ಲ ಚೆನ್ನಾಗಿಯೇ ಇದ್ದವು. ಮೂಲೆಯಲ್ಲಿ ಮಾತ್ರ ಯಾರೋ ಪೆನ್ಸಿಲ್ಲಿನಲ್ಲಿ 'ಕಪ್ಪು' ಅಂತ ಬರೆದು ಸುತ್ತ ಒಂದು ಸೊನ್ನೆ ಎಳೆದಿದ್ದರು. ಆವತ್ತು ವರ್ನೆಲ್ ಊಟ ಮಾಡಲಿಲ್ಲ.

ಶೀಲ್ಡಿಗೆ ಅಳೆಯುತ್ತಿದ್ದದ್ದು ಎರಡನೇ ವರ್ಷದ ತರಗತಿಯನ್ನು. ವರ್ನೆಲ್ ಕೆಲಸಕ್ಕೆ ಸೇರಿ ಮೂವತ್ತೆಂಟು ವರ್ಷವಾದ ಆ ಅಕ್ಟೋಬರಿನಲ್ಲಿ ಅದರ ಅರವತ್ತು ಜನರಲ್ಲಿ ಕಪ್ಪು ಮಕ್ಕಳು ನಾಲ್ವರು. ನಾಲ್ವರಿದ್ದರೆ ಶೀಲ್ಡ್, ಮೂವರಾದರೆ ಇಲ್ಲ. ನಾಲ್ಕನೆಯವಳು ಕಿಯೋಷಾ ಲೋಮ್ಯಾಕ್ಸ್. ಅರವತ್ತು ಮೈಲಿ ದಕ್ಷಿಣಕ್ಕೆ, ಒಬ್ಬ ದಂತವೈದ್ಯನೂ ಇಲ್ಲದ ಜಿಲ್ಲೆಯಿಂದ ಬಂದವಳು. ಅವಳು ನಗುತ್ತಿರುವ ಫೋಟೋವನ್ನು ಎರಡಾಳು ಎತ್ತರ ಮಾಡಿ ಗೇಟಿನ ಮೇಲೆ ನೇತುಹಾಕಿದ್ದರು. ಫೋಟೋದವಳು ಮೂರು ವಾರದಿಂದ ತರಗತಿಗೆ ಬಂದಿಲ್ಲ ಅನ್ನುವುದನ್ನು ಸಮಿತಿಯ ಏಳು ಜನರಲ್ಲಿ ಒಬ್ಬರೂ ಗಮನಿಸಿರಲಿಲ್ಲ.

ಗಮನಿಸಿದ್ದು ವರ್ನೆಲ್. ಹನ್ನೆರಡನೇ ತಾರೀಖು ಗುರುವಾರ ಹಾಜರಿ ನೋಡುತ್ತಾ ತಪ್ಪಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು. ರಜೆ ಮಂಜೂರಾಗದೆ ಹದಿನೈದು ಪಾಠದ ದಿನ ತಪ್ಪಿಸಿಕೊಂಡರೆ ಸೀಟು ರದ್ದು. ಹುಡುಗಿಯದು ನಾಳೆಗೆ ಹದಿನೈದು ತುಂಬುತ್ತಿತ್ತು. ತಕ್ಷಣ ಫೋನ್ ಮಾಡಿದಳು.

"ಅಮ್ಮಂಗೆ ಕ್ಯಾನ್ಸರ್, ಮಿಸ್ ವರ್ನೆಲ್. ಇನ್ನು ಐದಾರು ತಿಂಗಳು ಅಂದಿದಾರೆ. ಮನೇಲಿ ಬೇರೆ ಯಾರೂ ಇಲ್ಲ."

"ರಜೆ ಅರ್ಜಿ ಕೊಡಬಾರದಿತ್ತೇನೇ ಮಗಳೇ?"

"ಕೊಟ್ಟೆ ಮ್ಯಾಮ್, ಡೀನ್ ಕೈಗೇ ಕೊಟ್ಟೆ. 'ನಿಶ್ಚಿಂತೆಯಿಂದ ಹೋಗಮ್ಮ, ನಾವಿದೀವಿ' ಅಂದ್ರು."

ಡೀನ್ ಡಾಕ್ಟರ್ ಲೆಡ್‌ಬೆಟರ್ ಅವರ ಕೋಣೆಗೆ ಹೋದರೆ ಅರ್ಜಿ ಅಲ್ಲೇ ಇತ್ತು, ಕಾಗದದ ಭಾರಕ್ಕಿಟ್ಟ ಅಮೃತಶಿಲೆಯ ದವಡೆಹಲ್ಲೊಂದರ ಕೆಳಗೆ ತಣ್ಣಗೆ ಮಲಗಿತ್ತು.

"ಹದಿನಾರಕ್ಕೆ ನಿಮಗೇ ಕಳಿಸ್ತೀನಿ ಮಿಸ್ ವರ್ನೆಲ್," ಅಂದರು ಡೀನ್. "ನಾಲ್ಕು ದಿನದಲ್ಲಿ ಏನು ಮುಳುಗಿಹೋಗತ್ತೆ?"

"ಅವಳ ಸೀಟು ಮುಳುಗಿಹೋಗತ್ತೆ ಡಾಕ್ಟ್ರೇ. ನಾಳೆಗೆ ಹದಿನೈದು ದಿನ."

"ಅದನ್ನ ಆಮೇಲೆ ಸರಿಮಾಡೋಣ. ಅವಳು ನಮಗೆ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತಲ್ಲ."

"ಗೊತ್ತು. ಭಾನುವಾರದ ತನಕ ಬಹಳ ಮುಖ್ಯ," ಅಂದಳು ವರ್ನೆಲ್, ನಗದೆ.

ನಿಯಮ ಪುಸ್ತಕವನ್ನು ಆಕೆ ಮೂವತ್ತೆಂಟು ವರ್ಷ ಸುಮ್ಮನೆ ಒರಗಿಕೊಳ್ಳಲು ಇಟ್ಟುಕೊಂಡಿರಲಿಲ್ಲ. ರಜೆಯ ಅರ್ಜಿಗೆ ದಾಖಲೆ ವಿಭಾಗದ ಮೊಹರು ಬಿದ್ದ ಕ್ಷಣದಿಂದ ರಜೆ ಜಾರಿ. ಡೀನರಿಗೆ ಪ್ರತಿ ಕಳಿಸಿದರೆ ಸಾಕು. ಮೊಹರನ್ನು ಕಿಟಕಿಯಲ್ಲೇ ಒತ್ತಬೇಕು ಅಂತ ಎಲ್ಲೂ ಬರೆದಿಲ್ಲ. ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಹಾಕಿ, ಖಾಲಿ ಅರ್ಜಿ, ಮೊಹರು, ಶಾಯಿಡಬ್ಬಿಯನ್ನು ಚರ್ಚಿಗೆ ಒಯ್ಯುವ ಚೀಲಕ್ಕೆ ತುಂಬಿ, ಮನೆಗೆ ಹೋಗಿ ಮಾಡಿಟ್ಟಿದ್ದ ಪೈಯಲ್ಲಿ ಅರ್ಧ ಎತ್ತಿಕೊಂಡು ದಕ್ಷಿಣಕ್ಕೆ ಕಾರು ಓಡಿಸಿದಳು.

ಕಿಯೋಷಾಳ ತಾಯಿ ಅರ್ಲೀನ್ ಅಡುಗೆಮನೆಯ ಕುರ್ಚಿಯಲ್ಲಿ ಹೊದ್ದುಕೊಂಡು ಕೂತಿದ್ದಳು. ಸೊರಗಿ ಕಡ್ಡಿಯಾಗಿದ್ದಳು.

"ನನ್ನಿಂದ ಇವಳ ಓದು ಹಾಳಾಗತ್ತೆ ಅಕ್ಕಾ. ಬೇಡ ಕಣೇ ಹೋಗು ಅಂದ್ರೂ ಕೇಳಲ್ಲ."

"ಹಾಳಾಗಲ್ಲ, ಸುಮ್ನೆ ಪೈ ತಿನ್ನು. ಏನೇ ಹುಡುಗಿ, ಇಲ್ಲಿ ಸಹಿ ಹಾಕು."

ಕಿಯೋಷಾ ಸಹಿ ಹಾಕಿದಳು. ವರ್ನೆಲ್ ಪೈ ತಟ್ಟೆ ಸರಿಸಿ, ಅದೇ ಮೇಜಿನ ಮೇಲೆ ಮೊಹರು ಎತ್ತಿ ಧಪ್ಪನೆ ಒತ್ತಿದಳು. ತಟ್ಟೆಗಳು ಅಲುಗಿದವು. ಅಕ್ಟೋಬರ್ ಹನ್ನೆರಡು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು, ವರ್ನೆಲ್‌ಗೂ ಕಣ್ಣು ತುಂಬಿತು.

ಸೋಮವಾರ ಡೀನ್ ಕಿಟಕಿಗೇ ಬಂದರು. "ಮೂವರು ಅಂತ ಬರೆದಿದೀರಿ!"

"ಮೂವರಿದ್ರು, ಮೂವರು ಅಂತ ಬರೆದೆ."

"ಶೀಲ್ಡ್ ಹೋಯ್ತಲ್ರೀ!"

"ಅಯ್ಯೋ ಪಾಪ," ಅಂದಳು ವರ್ನೆಲ್. "ಮನೆಯಲ್ಲಿ ಇನ್ನೂ ಅರ್ಧ ಪೈ ಇದೆ, ತರಲಾ?"

ಮಾರ್ಚಿನಲ್ಲಿ ಅರ್ಲೀನ್ ತೀರಿಕೊಂಡಳು. ಕೊನೆಗಳಿಗೆಯಲ್ಲಿ ಮಗಳು ಪಕ್ಕದಲ್ಲೇ ಇದ್ದಳು. ಆಗಸ್ಟಿನಲ್ಲಿ ಕಿಯೋಷಾ ಕಾಲೇಜಿಗೆ ವಾಪಸ್ ಬಂದಾಗ ಗೇಟಿನ ಮೇಲೆ ಅವಳ ಫೋಟೋ ಹಾಗೇ ನಗುತ್ತಿತ್ತು. ಅದರ ನೇರ ಕೆಳಗೆ ನಿಂತಿದ್ದ ಕಾವಲುಗಾರ ಅವಳನ್ನು ತಡೆದು, ಯಾರನ್ನು ನೋಡಬೇಕು, ಗುರುತಿನ ಚೀಟಿ ತೋರಿಸಿ ಅಂದ.

ಆ ಮಧ್ಯಾಹ್ನವೇ ಡೀನ್ ಕಿಟಕಿಯ ಮುಂದೆ ಹಾಜರ್. ಬೆಣ್ಣೆಯಂಥ ದನಿ.

"ಮಿಸ್ ವರ್ನೆಲ್, ಈ ಸಲದ ಎರಡನೇ ವರ್ಷದಲ್ಲಿ ಇಬ್ಬರೇ ಇದಾರೆ. ಕಿಯೋಷಾ ಸೇರಿ ಮೂರು. ಅವಳನ್ನ ವಾಪಸ್ ಬಂದವಳು ಅಂತ ಒಂದ್ಸಲ, ಹೊಸಬಳು ಅಂತ ಒಂದ್ಸಲ ಹಾಕಿದ್ರೆ... ನಾಲ್ಕಾಗಲ್ವಾ?"

ವರ್ನೆಲ್ ಖಾನೆ ಎಳೆದು, ಶಾಯಿಡಬ್ಬಿ ಎತ್ತಿ, ಕೆಳಗಿದ್ದ ಹಳದಿ ಕಾರ್ಡನ್ನು ಕಿಟಕಿಯಿಂದ ಆಚೆ ತಳ್ಳಿದಳು. ಡೀನ್ ಕನ್ನಡಕ ಏರಿಸಿ ಹೆಸರು ಓದಿದರು, ವರ್ಷ ಓದಿದರು, ಕಣ್ಣು ಮೂಲೆಯ ಪೆನ್ಸಿಲ್ ಗುರುತಿಗೆ ಬಂದು ನಿಂತಿತು.

"ನನ್ನನ್ನೂ ಸೇರಿಸಿಕೊಳ್ಳಿ ಡಾಕ್ಟ್ರೇ, ಐದಾಗತ್ತೆ," ಅಂದಳು ವರ್ನೆಲ್. "ನಲವತ್ತು ವರ್ಷದ ಹಿಂದೇನೇ ಎಣಿಸಿಟ್ಟಿದೀರಲ್ಲ."