ಬಾಗಿಲ ಪಕ್ಕದ ಸೀಟು

ಮಧ್ಯಾಹ್ನ ಮೂರು ಗಂಟೆ ಐವತ್ತು ನಿಮಿಷ. ಪರದೆಯ ಮೇಲೆ ಖಳನಾಯಕ ಕತ್ತಿಗೆ ಸಾಣೆ ಹಿಡಿಯುತ್ತಿದ್ದ. ಟಾರ್ಚಕ್ಕ ಬಗ್ಗಿಕೊಂಡು ಬಂದು ಬಾಗಿಲ ಪಕ್ಕದ ಸಾಲಿನಿಂದ ಮಕ್ಕಳನ್ನು ಎಬ್ಬಿಸುತ್ತಿದ್ದಳು. ನಾನು ಟಿಕೆಟ್ ಕೊಡುವ ಚಿತ್ರಮಂದಿರದಲ್ಲಿ ಕತ್ತಲಲ್ಲಿ ಸೀಟು ತೋರಿಸುವುದು ಅವಳ ಕೆಲಸ. ಮಕ್ಕಳನ್ನು ಕರೆತಂದವರನ್ನು ಬಾಗಿಲ ಪಕ್ಕವೇ ಕೂರಿಸುವುದು ಅವಳೇ ಮಾಡಿಕೊಂಡ ಕಾನೂನು. ಹೊಸ ಚಿತ್ರ ಬಂದರೆ ಮೊದಲ ಆಟದಲ್ಲೇ ರಕ್ತ ಹರಿಯುವ ಜಾಗಗಳನ್ನೆಲ್ಲ ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳುತ್ತಾಳೆ. ನಾಯಕ ಹೊಡೆಯುವುದನ್ನು ಮರೆತರೂ ಅವಳು ಮರೆಯುವುದಿಲ್ಲ. ಹಿನ್ನೆಲೆಯ ನಗಾರಿ ಶುರುವಾಗುವ ಮುಂಚೆಯೇ “ಬಾ ಮರಿ, ನೀರು ಕುಡಿದು ಬರೋಣ” ಎನ್ನುತ್ತಾಳೆ, ಹಾಡು ಬಂದ ಕೂಡಲೇ ವಾಪಸ್ಸು ತಂದು ಕೂರಿಸುತ್ತಾಳೆ. ಊರಿನ ಮಕ್ಕಳಿಗೆ ಅವಳಷ್ಟು ನೀರು ಕುಡಿಸಿದವರು ಇನ್ನೊಬ್ಬರಿಲ್ಲ. “ಅಪ್ಪ ಅಮ್ಮ ಜೊತೆಗಿದ್ರೆ ಮಕ್ಕಳೂ ನೋಡಬಹುದು ಅಂತ ಸರ್ಟಿಫಿಕೇಟೇ ಇದೆಯಲ್ರೀ!” ಎಂದು ಅಪ್ಪಂದಿರು ರೇಗುತ್ತಾರೆ. “ಸರ್ಟಿಫಿಕೇಟು ಕೊಟ್ಟೋರು ರಾತ್ರಿ ಬಂದು ಮಗು ಪಕ್ಕ ಮಲಗ್ತಾರೇನಣ್ಣ?” ಎನ್ನುವುದೊಂದೇ ಅವಳ ಉತ್ತರ. ಎಷ್ಟೋ ಸಲ ಅಪ್ಪನೂ ಗೊಣಗುತ್ತಲೇ ಎದ್ದು ಹಿಂದೆ ಬರುತ್ತಾನೆ. ಆದರೆ ಒಂದೂ ಮಗುವಿಲ್ಲದ ಆಟದಲ್ಲೂ, ನಗಾರಿ ಕೇಳಿದ ತಕ್ಷಣ ಅವಳು ಟಾರ್ಚು ಆರಿಸಿ ಒಬ್ಬಳೇ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. “ಅಲ್ಲಕ್ಕ, ಇದನ್ನೆಲ್ಲ ನೋಡೋಕೆ ಎಷ್ಟು ವಯಸ್ಸಾಗಬೇಕು? ಹದಿನೆಂಟು ಸಾಕಾ?” ಎಂದು ಪ್ರೊಜೆಕ್ಟರಿನವನು ಒಮ್ಮೆ ಅಲ್ಲಿಯೇ ಛೇಡಿಸಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಟಿಕೆಟ್ ಕಿಟಕಿಯಲ್ಲಿದ್ದ ನನಗೂ ಕೇಳುವಂತೆ ಹೇಳಿದಳು: “ನನಗೇ ಇನ್ನೂ ಸಾಲದಪ್ಪ, ಐವತ್ತೆಂಟು.”